ಬಾಡಿಗೆಯ ಮೂವತ್ತು ರೊಟ್ಟಿ

ನಮ್ಮವ್ವನ ಖಾನಾವಳಿ ಆಳಂದದಲ್ಲಿ ಕೋರ್ಟಿನ ಕೂಗಳತೆಯಲ್ಲಿತ್ತು. ಹಾಗಾಗಿ ನಾನು ಅಕ್ಷರ ಕಲಿಯುವ ಮೊದಲೇ ತಂಟೆ ತಕರಾರು ಕಲಿತೆ. ನಿಂಬರ್ಗಾದಿಂದ, ಕಿಣ್ಣಿ ಸುಲ್ತಾನದಿಂದ ತಾರೀಖಿಗೆ ಬಂದವರು ಮಧ್ಯಾಹ್ನ ನಮ್ಮಲ್ಲೇ ಉಣ್ಣುತ್ತಿದ್ದರು. ಕೈಯಲ್ಲಿ ರೊಟ್ಟಿ, ತೊಡೆಯ ಕೆಳಗೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಪಹಣಿ, ಆಸ್ತಿ ಪಾಲಾದ ವಾಟ್ನಿ ಪತ್ರ, ಅಜ್ಜನ ಕಾಲದ ಉರ್ದು ಕಾಗದ. ಚೀಲವನ್ನು ಒತ್ತಿಕೊಂಡೇ ಕೂರುವುದಕ್ಕೆ ಕಾರಣವಿತ್ತು. ಎದುರಿನ ಸಾಲಿನಲ್ಲಿ ಉಣ್ಣುತ್ತಿದ್ದವನು ಎದುರುಪಕ್ಷದವನು, ಅಂದರೆ ಬಹುತೇಕ ಒಡಹುಟ್ಟಿದ ತಮ್ಮ. ಇಬ್ಬರಿಗೂ ಒಂದೇ ಬೋಗುಣಿಯಿಂದ ಪಲ್ಯ ಬಡಿಸುತ್ತಾ ಅವ್ವ, "ಹೊಲಾ ಆಮ್ಯಾಲ ಹಂಚ್ಕೊಳ್ರಿ. ಮೊದಲ ಆ ಶೇಂಗಾ ಚಟ್ನಿ ಅತ್ತಾಗ ಸರಸ್ರಿ" ಅನ್ನುತ್ತಿದ್ದಳು.

ಇಷ್ಟೆಲ್ಲ ನೋಡಿ ಬೆಳೆದವಳಿಗೆ ಕಾಗದವಿಲ್ಲದವರ ಪಾಡು ಏನೆಂದು ಗೊತ್ತಿರಲೇಬೇಕು. ಗೊತ್ತಿತ್ತು. ಆದರೂ ಇಪ್ಪತ್ತು ವರ್ಷ ಮೀರಿ ನಾವು ಒಲೆ ಹೂಡಿದ ಆ ಜಾಗಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಜಾಗ ಒಬ್ಬ ಸಾಹುಕಾರರದು. ಮಾರುಕಟ್ಟೆಯಲ್ಲಿ ಅವರ ತೊಗರಿ ಅಡತಿ ಅಂಗಡಿ, ಅಂದರೆ ದಲ್ಲಾಳಿ ಮಂಡಿ. ಕೋರ್ಟಿನ ಹತ್ತಿರ ಒಂದು ಹಳೆಯ ಗೋದಾಮು, ಖಾಲಿ. ಅಪ್ಪ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಅಫಜಲಪುರದ ಕಡೆಯ ತವರಿಗೆ ವಾಪಸು ಹೋಗಲು ಮನಸ್ಸಿಲ್ಲದ ಅವ್ವ ಆ ಗೋದಾಮು ಕೇಳಲು ಹೋದಳು. ಅಲ್ಲಿ ನಡೆದ ಮಾತನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಹಾಜರಿದ್ದೆನೇನೋ ಅನ್ನಿಸುತ್ತದೆ.

"ಬಾಡಿಗಿ ಎಷ್ಟ್ರಿ ಅಣ್ಣಾರ?"

"ರೊಕ್ಕ ಬ್ಯಾಡವ್ವ. ನನ್ನ ಅಡತ್ಯಾಗ ಹತ್ತು ಮಂದಿ ಹಮಾಲರು ಅದಾರ. ದಿನಾ ಮಧ್ಯಾಹ್ನಕ್ಕ ಮೂವತ್ತು ರೊಟ್ಟಿ, ಒಂದು ಡಬ್ಬಿ ಪಲ್ಯ ಕಳಸು. ಅದೇ ಬಾಡಿಗಿ."

"ಮತ್ತ ಕಾಗದಾ?"

ಸಾಹುಕಾರರು ಅಂಗಿಯ ಗುಂಡಿ ಬಿಚ್ಚಿ ಕೊರಳಲ್ಲಿದ್ದ ಲಿಂಗ ಮುಟ್ಟಿದರು. "ಇದನ್ನ ಮುಟ್ಟಿ ಹೇಳಾಕತ್ತೇನಿ. ನೀ ರೊಟ್ಟಿ ಕಳಿಸೋತನಕ ನಿನ್ನ ಯಾರೂ ಎಬ್ಬಸಂಗಿಲ್ಲ. ಇನ್ನ ಕಾಗದಾ ಯಾಕ ಬೇಕು?"

ನಮ್ಮ ಕಡೆ ಲಿಂಗ ಮುಟ್ಟಿ ಆಡಿದ ಮಾತಿನ ಮೇಲೆ ಕಾಗದ ಕೇಳುವುದೆಂದರೆ ಆಡಿದವರನ್ನು ಕಳ್ಳರೆಂದು ಕರೆದಂತೆ. ಅವ್ವ ಕೇಳಲಿಲ್ಲ. ಆ ಮನುಷ್ಯ ಮಾತಿಗೆ ತಪ್ಪಲೂ ಇಲ್ಲ. ಅದು ಬೇರೆ ವಿಷಯ. ನನ್ನ ತಕರಾರು ಇಷ್ಟೇ: ಮಾತು ಕೊಟ್ಟವರು ಸತ್ತ ಮೇಲೆ ಆ ಮಾತಿಗೆ ವಾರಸುದಾರರು ಯಾರು? ಗೋದಾಮು ಮಕ್ಕಳಿಗೆ ಹೋಗುತ್ತದೆ. ಲಿಂಗ ಅವರ ಜೊತೆಯಲ್ಲೇ ಸಮಾಧಿಗೆ ಹೋಗುತ್ತದೆ.

ಶಾಲೆಗೆ ರಜೆಯಿದ್ದ ದಿನ ರೊಟ್ಟಿ ಬುಟ್ಟಿ ಹೊತ್ತು ಅಡತಿಗೆ ಹೋಗುವುದು ನನ್ನ ಕೆಲಸ. ನಾನು ಬಾಗಿಲಲ್ಲಿ ಕಂಡದ್ದೇ ತಡ, ಎಲ್ಲರಿಗಿಂತ ಹಿರಿಯ ಹಮಾಲ ಬೆನ್ನ ಮೇಲಿನ ಚೀಲ ಇಳಿಸಿ, "ಬಾಡಿಗಿ ಬಂತ್ರಪಾ!" ಎಂದು ಕೂಗುತ್ತಿದ್ದ. ಉಳಿದವರು ನಕ್ಕು ಕೈತೊಳೆಯಲು ಏಳುತ್ತಿದ್ದರು. ಗಲ್ಲಾದಲ್ಲಿದ್ದ ಸಾಹುಕಾರರೂ ನಗುತ್ತಿದ್ದರು. ತೊಗರಿ ಸುಗ್ಗಿಯಲ್ಲಿ ಹಮಾಲರು ಹೆಚ್ಚಾದರೆ ಅವ್ವ ಯಾರೂ ಕೇಳದಿದ್ದರೂ ಐವತ್ತು ರೊಟ್ಟಿ ತಟ್ಟುತ್ತಿದ್ದಳು, ಆಗ ಅವನು, "ಈ ತಿಂಗಳ ಬಾಡಿಗಿ ಏರೇದಲ್ಲೋ!" ಅನ್ನುತ್ತಿದ್ದ. ಪ್ರತಿ ಪಂಚಮಿಗೆ ಸಾಹುಕಾರರ ಮನೆಯಿಂದ ಅವ್ವನಿಗೆ ಕುಬಸದ ಖಣ ಬರುತ್ತಿತ್ತು. ಅವರ ಇಬ್ಬರು ಗಂಡುಮಕ್ಕಳು ಅವ್ವನನ್ನು ಅತ್ತಿ ಎಂದೇ ಕರೆಯುತ್ತಿದ್ದರು.

ಮುಂದೆ ನಾನು ಕಲಬುರಗಿಯಲ್ಲಿ ಕಾಲೇಜು ಸೇರಿದೆ. ಚರ್ಚಾಸ್ಪರ್ಧೆಯ ಹುಚ್ಚು ಹತ್ತಿತು. ಜೇವರ್ಗಿಯಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಬೆಳಿಗ್ಗೆ ಪರವಾಗಿ ಮಾತಾಡಿ ಗೆದ್ದೆ, ಮಧ್ಯಾಹ್ನ ಅದೇ ವಿಷಯದ ವಿರುದ್ಧ ಮಾತಾಡಿ ಫೈನಲ್ಲನ್ನೂ ಗೆದ್ದೆ. ನಮ್ಮನ್ನು ತಯಾರು ಮಾಡಿದ ಮೇಷ್ಟ್ರು ಒಂದು ಪಟ್ಟು ಹೇಳಿಕೊಟ್ಟಿದ್ದರು: ಒಂದು ವಾದದ ಮೇಲೆ ನಿಲ್ಲಬೇಡ. 'ಇದು ಹೀಗೆ, ಒಂದು ವೇಳೆ ಹೀಗಲ್ಲವೆಂದರೂ ನಾನೇ ಸರಿ' ಅನ್ನು. ಎದುರಾಳಿ ಒಂದನ್ನು ಮುರಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆ ಪಟ್ಟಿನಿಂದ ನಾನು ಗೆದ್ದು ತಂದ ಕಪ್ಪುಗಳನ್ನು ಅವ್ವ ಖಾನಾವಳಿಯ ಗೂಡಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟಿದ್ದಳು. ಉಣ್ಣಲು ಬಂದ ವಕೀಲರಿಗೆಲ್ಲ ತೋರಿಸುತ್ತಿದ್ದಳು. "ನಮ್ಮಾಕಿ ಬಾಯಿ ಭಾಳ ಜೋರರಿ. ಒಲಿಗಿ ಕಟಗಿ ಬ್ಯಾಡ, ಈಕಿನ್ನ ಮುಂದ ಕುಂದರ್ಸಿದ್ರ ಸಾಕು."

ಎರಡು ವರ್ಷದ ಕೆಳಗೆ ಸಾಹುಕಾರರು ತೀರಿಕೊಂಡರು. ಮೂರು ತಿಂಗಳಾಗಿರಬೇಕು, ಇಬ್ಬರು ಮಕ್ಕಳೂ ಬಂದರು. ಉಂಡರು. ಉಂಡು ಕೈತೊಳೆದು ಬಂದು ಹಿರಿಯವನು ಹೇಳಿದ:

"ಅತ್ತಿ, ಇದನ್ನ ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕಂತ ಮಾಡೇವಿ. ನಿಮ್ಮನ್ನ ಕೈಬಿಡಂಗಿಲ್ಲ. ಹಿಂದಿನ ಮಗ್ಗಲಾ ಒಂದು ಮಳಗಿ ನಿಮಗ. ಈ ಸಲ ಬಾಡಿಗಿ ಕರಾರು ಬಾಂಡ್ ಪೇಪರಿನ ಮ್ಯಾಲ ಬರದು ಕೊಡ್ತೇವಿ."

ಅವ್ವನ ಮುಖ ಅರಳಿದ್ದನ್ನು ನಾನು ನೋಡಿದೆ. ನೋಡಿಯೂ ಬಾಯಿ ತೆರೆದೆ.

"ಹಿಂದಿನ ಮಗ್ಗಲಾ ಯಾರ್ ಬರ್ತಾರ್ರಿ ಉಣ್ಣಾಕ? ನಾಯಿನಾ? ಇಪ್ಪತ್ತು ವರ್ಷ ಬರೇ ಬಾಯಿಮಾತಿನ ಮ್ಯಾಲ ನಡೀತು. ಇವತ್ತ ನಿಮಗ ಬಾಂಡ್ ಪೇಪರ್ ನೆನಪಾತು ಅಂದ್ರ ಏನರ್ಥ? ನಮ್ಮ ಹಕ್ಕಿಗಿ ಅಂಜಾಕತ್ತೀರಿ."

"ತಂಗಿ ಭಾಷಣಾ ಚಂದ ಮಾಡ್ತಾಳ," ಎಂದು ಕಿರಿಯವನು ನಕ್ಕ. ಹಿರಿಯವನು ನಗಲಿಲ್ಲ. "ವಿಚಾರ ಮಾಡ್ರಿ ಅತ್ತಿ" ಎಂದು ಎದ್ದ.

ಅವರು ಹೋದ ಮೇಲೆ ಅವ್ವ, "ಹಿಂದಿನ ಮಗ್ಗಲಾ ಆದ್ರೇನು ಬೇ, ರೊಟ್ಟಿ ವಾಸನಿ ಮುಂದ ಬರಂಗಿಲ್ಲೇನು?" ಅಂದಳು. ನಾನು ಅರ್ಧ ತಾಸು ವಾದಿಸಿದೆ. ಅವ್ವ ಸುಮ್ಮನಾದಳು. ಸುಮ್ಮನಾದವರು ಸೋತರೆಂದು ಲೆಕ್ಕ ಹಾಕುವ ಚಟ ಆಗ ನನಗಿತ್ತು.

ಹೇಳಿಕಳಿಸಿದೆವು, ಒಪ್ಪಿಗೆಯಿಲ್ಲ ಅಂತ. ಹದಿನೈದು ದಿನಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ವಕೀಲರ ನೋಟಿಸು ಬಂತು. ಅದರಲ್ಲಿ ಅವ್ವ ಅತ್ತಿ ಆಗಿರಲಿಲ್ಲ, ಬಾಡಿಗೆದಾರಳೂ ಆಗಿರಲಿಲ್ಲ. 'ನಮ್ಮ ಕಕ್ಷಿದಾರರ ಅಡತಿಯ ಕೂಲಿಗಳಿಗೆ ಅಡುಗೆ ಮಾಡಲು ನೇಮಿಸಿಕೊಂಡಿದ್ದ ಹೆಂಗಸು. ಅಡುಗೆಯ ಸಲುವಾಗಿ ಗೋದಾಮು ಬಳಸಲು ಬಿಟ್ಟಿದ್ದು. ಇನ್ನು ಆ ಕೆಲಸದ ಅಗತ್ಯವಿಲ್ಲ, ಜಾಗ ಖಾಲಿ ಮಾಡತಕ್ಕದ್ದು.' ಓದಿ ನನಗೆ ಸಿಟ್ಟಿನ ಜೊತೆಗೆ ಸ್ವಲ್ಪ ಮೆಚ್ಚುಗೆಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಅದೇ ಮೂವತ್ತು ರೊಟ್ಟಿ. ಹೆಸರು ಬದಲಿಸಿದ್ದರು, ಅಷ್ಟೇ. ಬಾಡಿಗೆ ಎಂದರೆ ಅವ್ವನಿಗೆ ಹಕ್ಕುಂಟು. ಅಡುಗೆ ಕೆಲಸ ಎಂದರೆ ಇಲ್ಲ.

ನಮ್ಮ ವಕೀಲರು ದಿನಾ ನಮ್ಮಲ್ಲೇ ಉಣ್ಣುವವರು. ನೋಟಿಸು ಓದಿ ರೊಟ್ಟಿ ಮುರಿಯುತ್ತಾ ಹೇಳಿದರು. "ಸರಳ ಅದ. ಇವರು ಬಾಡಿಗಿದಾರರು, ಕಾನೂನು ಬಿಟ್ಟು ಎಬ್ಬಸಬಾರದು ಅಂತ ತಡೆಯಾಜ್ಞೆ ಕೇಳೂಣು. ರೊಟ್ಟಿನೇ ಬಾಡಿಗಿ. ದಿನಾ 'ಬಾಡಿಗಿ ಬಂತು' ಅಂತ ಒದರ್ತಾನಲ್ಲ ಆ ಹಮಾಲ, ಅವ ಒಬ್ಬ ಸಾಕ್ಷಿಗಿ ಬಂದ್ರ ಸಾಕು. ಮಕ್ಕಳು ತಾವೇ ರಾಜಿಗಿ ಬರ್ತಾರ, ಮುಂದಿನ ಮಳಗಿನೇ ಕೊಡ್ತಾರ."

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ನಾನು ಮೊಬೈಲಿನಲ್ಲಿ ಒಂದು ವಾರ ಕಾನೂನು ಓದಿದ್ದೆ. 'ಪ್ರತಿಕೂಲ ಸ್ವಾಧೀನ' ಅನ್ನುವುದು ಸಿಕ್ಕಿತ್ತು. ಪರರ ಜಾಗದಲ್ಲಿ ಅವರಿಗೆ ವಿರೋಧವಾಗಿ, ರಾಜಾರೋಷವಾಗಿ, ಹನ್ನೆರಡು ವರ್ಷ ಬಿಡದೆ ಕೂತರೆ ಜಾಗವೇ ತನ್ನದೆಂದು ವಾದಿಸಬಹುದು. ಹನ್ನೆರಡು ಸಾಕು, ನಮ್ಮದು ಇಪ್ಪತ್ತು ದಾಟಿತ್ತು. ಬಾಡಿಗೆದಾರಳಾಗಿ ಯಾಕೆ ಉಳಿಯಬೇಕು, ಮಾಲಕಿಯೇ ಆಗಬಹುದಲ್ಲ?

"ಅದನ್ನೂ ಹಾಕ್ರಿ ಸಾಹೇಬ್ರ. ಬಾಡಿಗಿದಾರರು, ಒಂದು ವ್ಯಾಳ್ಯಾ ಅಲ್ಲಂದ್ರ ಮಾಲಕರು. ಯಾವುದರ ಒಂದು ನಿಲ್ತದ."

"ಎರಡೂ ಒಂದಕ್ಕೊಂದು ಹೊಂದಂಗಿಲ್ಲವ್ವ. ಬಾಡಿಗಿ ಕೊಟ್ಟೀನಿ ಅಂದ್ರ ಜಾಗಾ ಅವರದು ಅಂತ ಒಪ್ಪಿದಂಗಾತು. ವಿರೋಧಾಗಿ ಕುಂತಿದ್ದೆ ಅನ್ನಬೇಕಂದ್ರ ಯಾರಿಗೂ ಬಾಡಿಗಿ ಕೊಟ್ಟಿಲ್ಲ ಅನ್ನಬೇಕಾಗ್ತದ."

"ಅನ್ನೂಣು. ರಸೀದಿ ಎಲ್ಲದ ಅವರ ಹತ್ರ?"

"ಹಮಾಲನ್ನ ಏನ್ ಮಾಡ್ತಿ?"

"ಕರಿಯೂದು ಬ್ಯಾಡ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಮತ್ತೆ ಶುರು ಮಾಡಿದೆ. ಊಟ ಮುಗಿಯುವಷ್ಟರಲ್ಲಿ ಅವರಿಗೂ ಸಾಕಾಗಿತ್ತು. "ನಿನ್ನ ಜೋಡಿ ವಾದ ಮಾಡೋಕಿಂತ ಹೈಕೋರ್ಟಿಗಿ ಹೋಗೂದು ಸೋವಿ" ಎಂದು ಕೈತೊಳೆದರು. ದಾವೆಯ ಆರನೇ ಪ್ಯಾರಾದಲ್ಲಿ ಅವ್ವ ಬಾಡಿಗೆದಾರಳು. ಏಳನೆಯದು ನಾನು ಹೇಳಿ ಬರೆಸಿದ್ದು: 'ಪರ್ಯಾಯವಾಗಿ, ವಾದಿಯು ಯಾರಿಗೂ ಯಾವ ರೂಪದಲ್ಲಿಯೂ ಬಾಡಿಗೆ ಕೊಡದೆ, ಸದರಿ ಮೃತ ಮಾಲೀಕರಿಗೆ ವಿರೋಧವಾಗಿ ಸ್ವಾಧೀನದಲ್ಲಿರುತ್ತಾಳೆ.' ಸಹಿ ಮಾಡುವ ಮುಂಚೆ ಅವ್ವ ಓದಿ ಹೇಳು ಅಂದಳು. ಆರನೆಯದನ್ನು ಓದಿದೆ. ಏಳಕ್ಕೆ ಬಂದು, "ಇದೆಲ್ಲಾ ಕಾಗದದ ಮಾತು, ನಿನಗ ತಿಳಿಯಂಗಿಲ್ಲ" ಅಂದೆ.

ಪಾಟೀಸವಾಲಿನ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಅವ್ವ ಪಂಚಮಿಗೆ ಸಾಹುಕಾರರು ಕಳಿಸಿದ್ದ ಖಣದ ಕುಬಸವನ್ನೇ ತೊಟ್ಟುಕೊಂಡು ಬಂದಿದ್ದಳು. ಎದುರುಪಕ್ಷದ ವಕೀಲ ಜೋರುಮಾಡಲಿಲ್ಲ. ಮನೆಯವನ ಹಾಗೆ ಕೇಳಿದ.

"ಯಮ್ಮಾ, ತೀರಿಕೊಂಡ ಸಾಹುಕಾರ್ರು ನಿಮಗ ವಿರೋಧಿಗಳಾಗಿದ್ರಾ?"

"ಛೀ, ಬಿಡ್ತು ಅನ್ರಿ! ಅಣ್ಣ ಇದ್ದಂಗ ಇದ್ರು."

"ಅವರ ವಿರುದ್ಧ ಜಾಗಾ ಹಿಡಕೊಂಡು ಕುಂತೀರಿ ಅಂತ ಏಳನೇ ಪ್ಯಾರಾದಾಗ ಬರದದ. ಸಹಿ ನಿಮ್ಮದೇ. ಹೌದಲ್ರಿ?"

ಅವ್ವ ಕಾಗದ ನೋಡಲಿಲ್ಲ. ತಿರುಗಿ ಹಿಂದಿನ ಬೆಂಚಿನತ್ತ ನೋಡಿದಳು.

"ಅಲ್ಲೇನ್ ನೋಡ್ತೀರಿ, ಇಲ್ಲಿ ಹೇಳ್ರಿ."

"ಸಹಿ ನಂದೇರಿ. ಆದ್ರ ಜಾಗಾ ಅವರದೇ. ನಾ ಎಂದೂ ನಂದು ಅಂದಿಲ್ಲ."

"ಯಾರಿಗೂ ಬಾಡಿಗಿ ಕೊಟ್ಟಿಲ್ಲ ಅಂತನೂ ಅದರಾಗ ನೀವೇ ಹೇಳೀರಿ. ಹಂಗಾದ್ರ ದಿನಾ ರೊಟ್ಟಿ ಯಾಕ ಕಳಸ್ತಿದ್ರಿ?"

ಅವ್ವ ತಡವರಿಸಿದಳು. ಬಾಡಿಗೆ ಅನ್ನಬೇಕೋ ಬೇಡವೋ, ಅಂದರೆ ಮಗಳ ಕಾಗದ ಸುಳ್ಳಾಗುತ್ತದೋ ಏನೋ ಎಂದು ಅವಳಿಗೆ ಹೆದರಿಕೆ. ಇಪ್ಪತ್ತು ವರ್ಷ ನಾಲಿಗೆಯ ತುದಿಯಲ್ಲಿದ್ದ ಆ ಒಂದು ಶಬ್ದವನ್ನು ನನ್ನ ಸಲುವಾಗಿ ನುಂಗಿ, "ಹಮಾಲರು ಹಸೀತಾರಲ್ರಿ" ಅಂದಳು.

ಅದನ್ನು ಇಂಗ್ಲಿಷಿಗೆ ಇಳಿಸಿ ಟೈಪು ಮಾಡಿದರು. ಪ್ರತಿವಾದಿಯ ಅಡತಿಯ ಹಮಾಲರಿಗೆ ನಾನು ಅಡುಗೆ ಮಾಡಿ ಕಳಿಸುತ್ತಿದ್ದೆ, ಎಂದು. ನೋಟಿಸಿನಲ್ಲಿ ಅವರು ಹೇಳಿದ್ದೂ ಅದನ್ನೇ.

ದಾವೆ ವಜಾ ಆಯಿತು. ವಾದಿಯ ನಿಲುವು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ತೀರ್ಪಿನಲ್ಲಿ ಬರೆದಿತ್ತು. ಕೋರ್ಟನ್ನು ದೂರಲು ನನಗೆ ಒಂದೂ ಕಾರಣ ಸಿಗಲಿಲ್ಲ, ಹುಡುಕಿದೆ. ಅಪೀಲು ಮಾಡೋಣವೆಂದರೆ ಅವ್ವ, "ಇನ್ನೊಮ್ಮಿ ಅಣ್ಣಾರನ್ನ ವಿರೋಧಿ ಅನ್ನಬೇಕೇನು?" ಎಂದು ಕೇಳಿ ಪಾತ್ರೆ ಕಟ್ಟತೊಡಗಿದಳು.

ಖಾಲಿ ಮಾಡುವ ದಿನ ಮುಂಜಾನೆ ಎಂದಿನಂತೆ ಒಲೆ ಹೊತ್ತಿಸಿದಳು. ನೋಟಿಸು ಬಂದಂದಿನಿಂದ ನಾನೇ ಹಟಹಿಡಿದು ಬುಟ್ಟಿ ನಿಲ್ಲಿಸಿದ್ದೆ. ಅಂದು ಮೂವತ್ತು ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ, "ಕೊಟ್ಟು ಬಾ" ಅಂದಳು.

"ಯಾಕ?"

"ಇವತ್ತಿನತನಕ ಇದ್ದೇವಲ್ಲ."

ಬುಟ್ಟಿ ಹೊತ್ತು ಅಡತಿಗೆ ಹೋದೆ. ಗಲ್ಲಾದಲ್ಲಿ ಹಿರಿಯ ಮಗ ಕೂತಿದ್ದ. ನನ್ನನ್ನು ಕಂಡ ಆ ಮುದಿ ಹಮಾಲ ಅಭ್ಯಾಸಬಲದಿಂದ, "ಬಾಡಿಗಿ ಬಂತ್ರಪಾ!" ಎಂದು ಕೂಗಿಬಿಟ್ಟ, ಕೂಗಿ, ಗಲ್ಲಾದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಹಿರಿಯ ಮಗ ಮಾತ್ರ ನಕ್ಕ. ಎದ್ದು ಬಂದು ಬಟ್ಟೆ ಬಿಚ್ಚಿ ಒಂದು ರೊಟ್ಟಿ ತೆಗೆದುಕೊಂಡ. "ಯಾಕ ಅಂಜತಿಯೋ ಮುದುಕಾ. ಬಾಡಿಗಿನೇ ಅದು. ನಮ್ಮಪ್ಪಾನೂ ಹಂಗೇ ಅಂತಿದ್ದ."

ನಾನು ಕೇಳಿಯೇಬಿಟ್ಟೆ. "ಇದನ್ನ ಕೋರ್ಟಿನ್ಯಾಗ ಯಾಕ ಹೇಳಲಿಲ್ರಿ?"

"ನೀವು ಕೇಳಿದ್ರ ಹೇಳತಿದ್ದೆನೋ ಏನೋ. ನಮ್ಮ ವಕೀಲನೂ ಅದಕ್ಕೇ ಅಂಜಿದ್ದ. ಈ ಮುದುಕ ಬಂದು ಕಟಕಟಿ ಏರಿದ್ರ ರಾಜಿ ಮಾಡ್ಕೊರಿ, ಮುಂದಿನ ಮಳಗಿ ಬರದು ಕೊಡ್ರಿ ಅಂದಿದ್ದ." ಅವನು ರೊಟ್ಟಿ ಮುರಿದ. "ಆದ್ರ ಬಾಡಿಗಿ ಕೊಟ್ಟೇ ಇಲ್ಲ ಅಂತ ನೀವೇ ಬರಸೀರಲ್ಲ ತಂಗಿ. ನಿಮ್ಮನ್ನ ಸುಳ್ಳು ಮಾಡಾಕ ನಾ ಯಾರು?"

ಹಮಾಲರು ಕೈತೊಳೆದು ಬಂದು ಕೂತರು. ಉಂಡು ಮುಗಿಸುವತನಕ ನಾನು ಅಲ್ಲೇ ನಿಂತಿದ್ದೆ, ಬುಟ್ಟಿ ವಾಪಸು ಒಯ್ಯಬೇಕಿತ್ತು.