ಹಿಟ್ಟು ನಾದುವ ಲೇಡಿ

ಎಡ್ನಾ ಮೆಟ್ಕಾಫ್ ಅಂಗಡಿಗೆ ಬಂದ ಯಾರನ್ನೇ ಆಗಲಿ ‘ಚಿನ್ನ’ ಎಂದೇ ಕರೆಯುತ್ತಿದ್ದಳು. ಪಾದ್ರಿಯೂ ಚಿನ್ನ, ಪೊಲೀಸಿನವನೂ ಚಿನ್ನ. ಪಕ್ಕದಲ್ಲೇ ಬೂಟು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನಾನಂತೂ ಇಪ್ಪತ್ತೆರಡು ವರ್ಷ ಚಿನ್ನವಾಗಿಯೇ ಇದ್ದೆ.

ಹದಿನಾಲ್ಕನೆಯ ವಯಸ್ಸಿಗೆ ನಮ್ಮ ಹಾರ್ಬೆಕ್ ಊರಿನ ಆ ಬೇಕರಿಗೆ ನೆಲ ಒರೆಸಲು ಸೇರಿದವಳು ಅವಳು. ಮಾಲೀಕರ ಮಗ ಸಿರಿಲ್‌ನನ್ನೇ ಮದುವೆಯಾದಳು. ಸಿರಿಲ್ ಎದೆನೋವಿನಿಂದ ತೀರಿಕೊಂಡ ಮೇಲೂ ಒಲೆ ಆರಲು ಬಿಡಲಿಲ್ಲ. ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತೆರೆದಿತ್ತು. “ಮನೇಲಿ ಕೂತ್ರೆ ಗೋಡೆ ನೋಡಬೇಕು. ಇಲ್ಲಿ ಕೂತ್ರೆ ನಿಮ್ಮ ಮುಖ ನೋಡಬೇಕು. ಗೋಡೆಗಿಂತ ಒಂಚೂರು ವಾಸಿ” ಎಂದಿದ್ದಳು.

ಗಿರಣಿ ಮಾಲೀಕ ಪಿಕರ್ಸ್‌ಗಿಲ್‌ಗೆ ‘ಸರ್’ ಪದವಿ ಸಿಕ್ಕಿದ ವರ್ಷ ಅವನ ಹೆಂಡತಿಗೂ ‘ಲೇಡಿ’ ಎಂಬ ಬಿರುದು ತಾನಾಗಿಯೇ ಬಂತು. ಆ ವಾರವೇ ಬೇಕರಿಗೆ ಬಂದಳು.

“ಏನ್ ಕೊಡ್ಲಿ ಚಿನ್ನ?”

“ನನ್ನನ್ನ ಲೇಡಿ ಪಿಕರ್ಸ್‌ಗಿಲ್ ಅಂತ ಕರೀಬೇಕು.”

“ಆಗ್ಲಿ ಲೇಡಿ ಪಿಕರ್ಸ್‌ಗಿಲ್. ಬಿಳಿ ಬ್ರೆಡ್ಡೋ, ಕಂದು ಬ್ರೆಡ್ಡೋ, ಚಿನ್ನ?”

ಅಂದು ಬಿರಬಿರನೆ ಹೊರಟವಳು ಬಹಳ ಕಾಲ ಅಂಗಡಿಗೆ ಕಾಲಿಡಲಿಲ್ಲ. ಅವಳ ಕಾರಿನ ಡ್ರೈವರ್ ಬಂದು ಬ್ರೆಡ್ ಒಯ್ಯುತ್ತಿದ್ದ.

ಎಪ್ಪತ್ತೆಂಟರ ನವೆಂಬರಿನಲ್ಲಿ ದೊಡ್ಡ ಬ್ರೆಡ್ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಹೂಡಿದರು. ದೇಶದ ತುಂಬ ಸಣ್ಣ ಬೇಕರಿಗಳ ಮುಂದೆ ಸಾಲು ಬೆಳೆಯಿತು. ನಮ್ಮೂರಲ್ಲಿ ಅದು ಎಡ್ನಾಳ ಬಾಗಿಲಿಂದ ಚರ್ಚಿನ ಗೇಟಿನವರೆಗೂ ಹೋಯಿತು. ಮನೆಗೊಂದೇ ಬ್ರೆಡ್ ಎಂದು ಅವಳು ಕಟ್ಟುಮಾಡಿದಳು. ಅಂಥ ಹೊತ್ತಿನಲ್ಲೇ ಹಿಟ್ಟು ಕಲಸುವ ಯಂತ್ರ ಕೆಟ್ಟು ನಿಂತಿತು. ಎರಡು ದಿನ ಎಲ್ಲವನ್ನೂ ಕೈಯಲ್ಲೇ ನಾದಿದಳು. ಮಣಿಕಟ್ಟು ಬನ್ನಿನಂತೆ ಊದಿಕೊಂಡಿತು.

ಮೂರನೆಯ ಬೆಳಿಗ್ಗೆ ಲೇಡಿ ಪಿಕರ್ಸ್‌ಗಿಲ್ ತಾನೇ ಬಂದಳು. ಮನೆಗೆ ಅತಿಥಿಗಳು ಬರುವವರಿದ್ದರು, ಆರು ಬ್ರೆಡ್ ಬೇಕಿತ್ತು. ಸಾಲನ್ನು ನೋಡಿಯೂ ನೋಡದವಳಂತೆ ನೇರ ಮುಂದಕ್ಕೆ ನಡೆದಳು.

“ಹಿಂದೆ ಹೋಗಮ್ಮ!” ಎಂದು ಯಾರೋ ಕೂಗಿದರು.

“ನಾನ್ಯಾರು ಗೊತ್ತಾ? ಲೇಡಿ ಪಿಕರ್ಸ್‌ಗಿಲ್!”

ಸಾಲಿನಲ್ಲಿ ನನ್ನ ಮುಂದೆ ಥ್ವೇಟ್ ಮೇಷ್ಟ್ರು ನಿಂತಿದ್ದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಪಾಠ ಹೇಳುವ ಚಟ ಬಿಟ್ಟಿರಲಿಲ್ಲ. ಗಂಟಲು ಸರಿಮಾಡಿಕೊಂಡರು.

“ಆ ‘ಲೇಡಿ’ ಪದದ ಅರ್ಥ ಏನು ಗೊತ್ತೇನಮ್ಮ? ಸಾವಿರ ವರ್ಷದ ಹಿಂದೆ ನಮ್ಮ ಇಂಗ್ಲಿಷಿನಲ್ಲಿ ಬ್ರೆಡ್ಡಿಗೆ ‘ಹ್ಲಾಫ್’ ಅಂತಿದ್ರು. ಮನೆಮಂದಿಗೆಲ್ಲ ಹಿಟ್ಟು ನಾದೋಳು ‘ಹ್ಲ್ಯಾಫ್‌ಡಿಗೆ’. ಬಾಯಿಂದ ಬಾಯಿಗೆ ಸವೆದು ಸವೆದು ಅದೇ ‘ಲೇಡಿ’ ಆಯ್ತು. ಆ ಲೆಕ್ಕಕ್ಕೆ ಇಲ್ಲಿರೋ ಲೇಡಿ ಒಬ್ಬಳೇ. ಮೊಣಕೈವರೆಗೂ ಹಿಟ್ಟು ಮೆತ್ಕೊಂಡು ಒಳಗಿದ್ದಾಳೆ.”

“ಹಂಗಾದ್ರೆ ಲಾರ್ಡ್ ಅಂದ್ರೆ ಏನ್ ಮೇಷ್ಟ್ರೇ?” ಎಂದು ಕಟುಕ ಗ್ಯಾರತ್ ಕೇಳಿದ.

“ಅದೂ ಅದೇ ಬೇರಿಂದ ಬಂದಿದ್ದು. ಬ್ರೆಡ್ ಕಾಯೋನು.”

“ಅಯ್ಯೋ, ನಮ್ಮನೆ ನಾಯಿ ದಿನಾ ಮಾಡೋದು ಅದೇ ಕೆಲ್ಸ!”

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಲೇಡಿ ಪಿಕರ್ಸ್‌ಗಿಲ್ ಮುಖ ಕೆಂಪೇರಿ, ಆಮೇಲೆ ಬಿಳಿಚಿಕೊಂಡಿತು.

ಎಡ್ನಾ ಮಾತ್ರ ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಸಾಕು ಮಾಡ್ರೋ! ಒಬ್ಳನ್ನ ನಿಲ್ಸ್ಕೊಂಡು ಊರೆಲ್ಲ ನಗೋದಾ? ಮೇಷ್ಟ್ರೇ, ಅಷ್ಟು ತಿಳ್ದೋರು ಒಳಗೆ ಬಂದು ನಾದಿ ನೋಡೋಣ. ನನ್ನ ಕೈ ಏಳ್ತಿಲ್ಲ.”

ಮೇಷ್ಟ್ರು ಟೋಪಿಯ ಅಂಚು ಸವರಿಕೊಂಡರು. ಗ್ಯಾರತ್ ಆಕಾಶ ನೋಡಿದ.

ಲೇಡಿ ಪಿಕರ್ಸ್‌ಗಿಲ್ ಕೈಗವಸು ಬಿಚ್ಚಿದಳು. ಉಂಗುರಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿಕೊಂಡಳು. “ಏಪ್ರನ್ ಎಲ್ಲಿದೆ?” ಎಂದು ಕೇಳಿದಳು.

ಮೋಜು ನೋಡಲು ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು. ಅವಳು ಅಂಗಿಯ ತೋಳು ಮಡಚಿ, ಅಂಗೈಯ ಬುಡದಿಂದ ಹಿಟ್ಟನ್ನು ಒತ್ತಿ, ಮಡಚಿ, ತಿರುವಿ, ಮತ್ತೆ ಒತ್ತಿದಳು. ಹಿಟ್ಟು ಅವಳ ಮಾತು ಕೇಳಿತು. ಎಡ್ನಾ ಬಾಯಿ ತೆರೆದು ನಿಂತಳು.

“ಎಲ್ಲಿ ಕಲಿತ್ರಿ?”

“ನಮ್ಮಮ್ಮನ ಹತ್ರ. ಒಂಬತ್ತು ಮಕ್ಕಳು ನಾವು. ನಾನೇ ದೊಡ್ಡೋಳು.”

ಮುಷ್ಕರ ಮುಗಿಯುವವರೆಗೂ ದಿನಾ ಬೆಳಿಗ್ಗೆ ಬಂದಳು. ಅವಳ ಹೆಸರು ಫಿಲಿಸ್ ಎಂದು ಊರಿಗೆ ಆಗ ಗೊತ್ತಾಯಿತು. ಗಂಡ ಮೇಲೇರಿದ ಹಾಗೆ ದೊಡ್ಡ ಮನೆಗಳ ಹೆಂಗಸರು ಅವಳ ಗಿರಣಿ ಕೇರಿಯ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದರಂತೆ. “ಆ ಬಿರುದು ಬಂದ್ಮೇಲೇ ಅವರ ಬಾಯಿ ಮುಚ್ಚಿದ್ದು. ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡಿದ್ದೆ” ಎಂದು ಎಡ್ನಾಳಿಗೆ ಹೇಳಿದಳಂತೆ.

“ಹಿಡ್ಕೊಳ್ಳಿ, ಯಾರ್ ಬೇಡ ಅಂದ್ರು? ಆದ್ರೆ ನಮ್ಮಂಥೋರ ತಲೆ ಮೇಲೆ ಕುಟ್ಟಬೇಡಿ” ಎಂದಳಂತೆ ಎಡ್ನಾ.

ಆಮೇಲೆ ಪ್ರತಿ ಗುರುವಾರ ಫಿಲಿಸ್ ಬೇಕರಿಗೆ ಬಂದು ನಾದುವುದು ರೂಢಿಯಾಯಿತು. ಇಬ್ಬರೂ ಜಗಳ ಆಡುತ್ತಿದ್ದರು. ಉಪ್ಪು ಹೆಚ್ಚೆಂದು ಇವಳು, ಒಲೆಯ ಕಾವು ಸಾಲದೆಂದು ಅವಳು. ಆ ಗದ್ದಲ ಗೋಡೆಯಾಚೆಗೆ ನನ್ನ ಸುತ್ತಿಗೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಎಂಟು ವರ್ಷ ಕಳೆದ ಮೇಲೆ ಎಡ್ನಾಳ ಬೆರಳ ಗೆಣ್ಣುಗಳು ಪೂರ್ತಿ ಸೋತವು. ಅಂಗಡಿ ನಡೆಸಲು ಲೀಡ್ಸ್‌ನಿಂದ ಎಳೆ ವಯಸ್ಸಿನ ದಂಪತಿಯನ್ನು ಹುಡುಕಿ ತಂದವಳು ಫಿಲಿಸ್ಸೇ.

ಅಂಗಡಿ ಬಿಟ್ಟುಕೊಟ್ಟ ಮೊದಲ ಸೋಮವಾರ ಇಬ್ಬರೂ ಬಸ್ಸು ಹತ್ತಿ ಕಡಲತೀರದ ವಿಟ್ಬಿ ಊರಿಗೆ ಹೋದರು. ಕಡಲ ಕಟ್ಟೆಯ ಮೇಲೆ ಕುಳಿತು ಕಾಗದದಲ್ಲಿ ಸುತ್ತಿದ ಹುರಿದ ಮೀನು ತಿಂದರಂತೆ. ಎಡ್ನಾಳ ಮೀನನ್ನು ಕಡಲಹಕ್ಕಿಯೊಂದು ಹಾರಿಸಿಕೊಂಡು ಹೋಯಿತಂತೆ. ಫಿಲಿಸ್ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳಂತೆ.