ಐವತ್ತನಾಲ್ಕು ಖಾಲಿ ಚೌಕಗಳು

ಮೂರು ವರ್ಷಗಳ ಹಿಂದಿನ ಮಾತು. ಪುಣೆಯ ವಾಕಡದಲ್ಲಿ ನನ್ನದೊಂದು ಡಾಕ್ಯುಮೆಂಟ್ ಆಫೀಸು. ನಾನೂ ಸೇರಿ ಆರು ಜನ. ಜಮಖಂಡಿಯಿಂದ ಬಂದ ನಾನು ಪುಣೆ ಹತ್ತಿರದ ಭೋರ್‌ನ ಸರಕಾರಿ ಕಚೇರಿಯೊಂದರ ಎದುರು ಅರ್ಜಿ ಟೈಪು ಮಾಡುತ್ತ ಈ ಉದ್ಯೋಗಕ್ಕೆ ಬಿದ್ದವಳು. ಅಲ್ಲಿ ಕಲಿತದ್ದು ಎರಡು: ತಪ್ಪಿಲ್ಲದ ಮರಾಠಿ ಮತ್ತು ಚೌಕಾಶಿ. ಎರಡನೆಯದೇ ಹೆಚ್ಚು ಅನ್ನ ಹಾಕಿದೆ, ಸುಳ್ಳೇಕೆ ಹೇಳಲಿ?

ಆಗ ನಮ್ಮ ಮುಖ್ಯ ಕೆಲಸ ಪಿಡಿಎಫ್‌ಗಳಿಗೆ ಆಲ್ಟ್ ಟೆಕ್ಸ್ಟ್ ಬರೆಯುವುದಾಗಿತ್ತು. ಆಲ್ಟ್ ಟೆಕ್ಸ್ಟ್ ಎಂದರೆ ಚಿತ್ರದ ಹಿಂದೆ ಇಟ್ಟಿರುವ ಮಾತಿನ ವಿವರಣೆ. ಅದು ಪುಟದ ಮೇಲೆ ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಅದನ್ನು ಅಂಧರಿಗೆ ಓದಿ ಹೇಳುತ್ತದೆ. ಬರೀ ಅಲಂಕಾರದ ಗೆರೆ, ಬಳ್ಳಿಗಳಿದ್ದರೆ ‘ಡೆಕೊರೇಟಿವ್’ ಎಂದು ಗುರುತು ಹಾಕುತ್ತೇವೆ. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಮುಂದೆ ಹೋಗುತ್ತದೆ.

ಫಿಜಿಯೋಥೆರಪಿ ಯಂತ್ರ ತಯಾರಿಸುವ ಒಂದು ಕಂಪನಿಯಿಂದ ಮ್ಯಾನುಯಲ್ ಬಂತು. ತೊಂಬತ್ತಾರು ಪುಟ, ಇನ್ನೂರ ಹನ್ನೆರಡು ಚಿತ್ರ. ನಾವು ಪ್ರತಿ ಚಿತ್ರಕ್ಕೆ ಇಷ್ಟು ಎಂದು ದರ ಹೇಳುವವರು. ಕಂಪನಿಯ ಮ್ಯಾನೇಜರ್ ದೇಶಪಾಂಡೆ ದರ ಇಳಿಸಿ ಎಂದು ಪಟ್ಟು ಹಿಡಿದರು. ದರ ಇಳಿಸುವುದು ನನ್ನ ಸ್ವಭಾವದಲ್ಲೇ ಇಲ್ಲ, ಚಿತ್ರಗಳನ್ನು ಇಳಿಸಿದೆ. ಮತ್ತೆ ಮತ್ತೆ ಬರುವ ಚಿಹ್ನೆಗಳನ್ನು ಮೂರನೇ ಪುಟದಲ್ಲಿ ಒಮ್ಮೆ ವಿವರಿಸುವುದು, ಉಳಿದ ಕಡೆಯೆಲ್ಲ ಡೆಕೊರೇಟಿವ್ ಎಂದು ಗುರುತು ಹಾಕುವುದು. ಅವರಿಗೆ ಉಳಿತಾಯ, ನನಗೆ ದರ ಉಳಿದ ಸಮಾಧಾನ. ಆ ಸಂಜೆ ನಾನು ಎಲ್ಲರಿಗೂ ತಿನ್ನಲು ಬಾಕರವಡಿ ತರಿಸಿದ್ದೆ.

ಫೈಲು ಕೊಟ್ಟು ಎರಡು ವಾರವಾಗಿರಬೇಕು. ಒಂದು ಸೋಮವಾರ ಬೆಳಿಗ್ಗೆ ಬಿಳಿ ಕೋಲು ಹಿಡಿದ, ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಬಂದರು. ಹೆಸರು ರಾಘವೇಂದ್ರ ಕಟ್ಟಿ, ಊರು ಬಾಗಲಕೋಟೆ ಕಡೆ. ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಫಿಜಿಯೋಥೆರಪಿಸ್ಟ್. ಕಣ್ಣು ಹುಟ್ಟಿನಿಂದಲೇ ಇಲ್ಲ. ಅದೇ ಯಂತ್ರ ಅವರ ಆಸ್ಪತ್ರೆಗೆ ಬಂದಿತ್ತು. ಗುರುವಾರ ವಿಭಾಗದ ಮುಖ್ಯಸ್ಥೆ ಅವರನ್ನು ಪರೀಕ್ಷಿಸುವವರಿದ್ದರು. ಯಾರ ಸಹಾಯವೂ ಇಲ್ಲದೆ ಮ್ಯಾನುಯಲ್ ನೋಡಿ ಸರಿ ಉತ್ತರ ಹೇಳಿದರೆ ಯಂತ್ರದ ಕೋಣೆ ಅವರದು. ಇಲ್ಲವಾದರೆ ಕೋಣೆ ಬೇರೆಯವರಿಗೆ. ಇವರು ಕೈಯಿಂದ ಮಾಡುವ ಚಿಕಿತ್ಸೆಗೇ ಸೀಮಿತ.

“ನಿಮ್ಮ ಹೆಸರು ಕಂಪನಿಯವರ ಕಡೆಯಿಂದ ತಗೊಂಡು ಬಂದೇನ್ರಿ,” ಎಂದರು. “ನಿಮ್ಮ ನರ್ಸಬಾಯಿ ನೀಲಿ ಸೀರಿ ಉಟ್ಕೊಂಡು ನಗಾಕತ್ತಾಳ ಅಂತ ಮೂರು ಸಲ ಕೇಳಿದೆ. ಭಾಳ ಖುಷಿ ಆತು. ಆಕಿ ನಗೋದು ಬಿಟ್ಟು ಮಷಿನ್ ಬಗ್ಗೆ ಒಂದ್ ಮಾತು ಹೇಳಿದ್ರ ಇನ್ನೂ ಖುಷಿ ಆಗ್ತಿತ್ತು.”

ಮ್ಯಾನುಯಲ್‌ನ ನರ್ಸ್ ಚಿತ್ರಕ್ಕೆ ಆ ವಿವರಣೆ ಬರೆದದ್ದು ನಮ್ಮ ಹಿರಿಯ ಆಪರೇಟರ್ ಗಿರೀಶ. ಅವನು ಮಾನಿಟರ್ ಹಿಂದೆ ತಲೆ ತಗ್ಗಿಸಿದ.

ಕಟ್ಟಿಯವರು ಲ್ಯಾಪ್‌ಟಾಪ್ ತೆರೆದು ನಲವತ್ತೊಂದನೇ ಪುಟದ ಟೇಬಲ್‌ಗೆ ಹೋದರು. ಎಡಗಡೆ ಒಂದರ ಕೆಳಗೊಂದು ಯಂತ್ರದ ಒಂಬತ್ತು ಮೋಡ್‌ಗಳು. ಕೆಲವು ವಿದ್ಯುತ್ತಿನವು, ಕೆಲವು ಶಾಖದವು. ಮೇಲೆ ರೋಗಿಯ ಆರು ಸ್ಥಿತಿಗಳು: ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಮೈಯಲ್ಲಿ ಲೋಹದ ರಾಡ್ ಇದ್ದವರು, ಹೀಗೆ. ಒಟ್ಟು ಐವತ್ತನಾಲ್ಕು ಚೌಕಗಳಲ್ಲಿ ಟಿಕ್, ಅಡ್ಡಗೀಟು ಇಲ್ಲವೇ ತ್ರಿಕೋಣ. ಸ್ಪೀಕರ್ ಹಚ್ಚಿದರು.

“ಮೋಡ್ ಒಂದು. ಬ್ಲ್ಯಾಂಕ್. ಬ್ಲ್ಯಾಂಕ್. ಬ್ಲ್ಯಾಂಕ್...”

ಕೊನೆಯವರೆಗೂ ಅದೇ. ಅವರು ನಿಲ್ಲಿಸಿ ಕೇಳಿದರು: “ಖಾಲಿ ಅಂದ್ರ ಯಾರಿಗೂ ಅಡ್ಡಿ ಇಲ್ಲ ಅಂತ ತಿಳ್ಕೊಳ್ಳೇನ್ರಿ ಅಕ್ಕಾರ?”

ನನ್ನ ಬಾಯಲ್ಲಿ ತಕ್ಷಣ ವ್ಯಾಪಾರದ ಮಾತು ಬಂತು. “ಮೂರನೇ ಪುಟದಾಗ ಎಲ್ಲಾ ಚಿಹ್ನೆ ವಿವರಿಸೇವ್ರಿ.”

“ಊರ ಬಾಗಿಲಾಗ ನಿಂತು ‘ಒಳಗ ಗುಂಡಿ ಅದಾವ’ ಅಂತ ಹೇಳಿ, ಗುಂಡಿ ಬಂದಾಗ ಸುಮ್ಮನಾದ್ರ ನಾ ಏನ್ ಮಾಡ್ಲಿ?”

ಆ ಚಿಹ್ನೆಗಳನ್ನು ಅಲಂಕಾರದ ಲೆಕ್ಕಕ್ಕೆ ಸೇರಿಸಿದ್ದು ಗಿರೀಶನಲ್ಲ, ನನ್ನ ಕ್ವೊಟೇಶನ್. ಅವರಿಗೆ ಕುರ್ಚಿ ಎಳೆದು ಕೊಟ್ಟು, ಬುಧವಾರದೊಳಗೆ ಹೊಸ ಫೈಲು ಕೊಡುತ್ತೇನೆ, ನೀವು ಕೂತು ತಪ್ಪು ಹೇಳಬೇಕು ಎಂದೆ. ಅರ್ಧ ದಿನ ರಜೆ ಹಾಕಿ ಕೂತರು.

ಗಿರೀಶ ಮೊದಲ ಚೌಕಕ್ಕೆ ಬರೆದ: ಕೆಂಪು ಬಣ್ಣದ ಓರೆಯಾದ ಅಡ್ಡಗೀಟು. ಕಟ್ಟಿಯವರು ಕೈ ಎತ್ತಿದರು. “ಕೆಂಪು ತಗೊಂಡು ನಾ ಏನ್ ಮಾಡ್ಲಿ ಮಾರಾಯಾ? ಕೊಡಬೇಕೋ ಬ್ಯಾಡೋ, ಅಷ್ಟು ಹೇಳು.” ಗಿರೀಶ ಅದನ್ನು ಅಳಿಸಿ, ‘ಬಳಸಬಾರದು’ ಎಂಬರ್ಥದ ಎರಡು ಇಂಗ್ಲಿಷ್ ಪದ ಹಾಕಿದ. “ಈಗ ದಾರಿಗೆ ಬಂದಿ.” ಟಿಕ್‌ಗೆ ‘ಬಳಸಬಹುದು’. ನಗುವ ನರ್ಸ್ ಡೆಕೊರೇಟಿವ್ ಆದಳು. ಆಕೆಗೆ ನಾನು ಪೂರ್ತಿ ದರ ತೆಗೆದುಕೊಂಡಿದ್ದೆ.

ಮಧ್ಯಾಹ್ನದ ಹೊತ್ತಿಗೆ ತ್ರಿಕೋಣದಲ್ಲಿ ಸಿಕ್ಕಿಬಿದ್ದೆವು. ಏಳು ಚೌಕಗಳಲ್ಲಿ ಅದಿತ್ತು. ಮೂರನೇ ಪುಟದಲ್ಲಿ ‘ಎಚ್ಚರಿಕೆ’ ಎಂದಷ್ಟೇ ಇತ್ತು. ಕಡಿಮೆ ಪ್ರಮಾಣದಲ್ಲಿ ಕೊಡಬೇಕೆ? ವೈದ್ಯರನ್ನು ಕೇಳಿ ಕೊಡಬೇಕೆ? ಕಣ್ಣಿದ್ದ ನಾನೂ ಹೇಳಲಾರದವಳಾಗಿದ್ದೆ. ದೇಶಪಾಂಡೆಯವರಿಗೆ ಫೋನ್ ಮಾಡಿದೆ.

“ತ್ರಿಕೋಣ ಮ್ಹಣಜೆ ತ್ರಿಕೋಣ, ಮ್ಯಾಡಂ!” ಎಂದರು. ತ್ರಿಕೋಣ ಅಂದರೆ ತ್ರಿಕೋಣ. ಹಾಗೇ ಬರೆದುಬಿಡಿ ಎಂದು.

ಗ್ರಾಹಕ ಹೇಳಿದ್ದನ್ನು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಚೌಕಾಶಿ ಕಲಿತವರಿಗೆ ನನ್ನದೊಂದು ಕಿವಿಮಾತು: ಬಿಟ್ಟುಕೊಡುವುದನ್ನು ಮೊದಲು ಹೇಳಿ, ಕೇಳುವುದನ್ನು ಆಮೇಲೆ ಹೇಳಿ. ನಾನು ಮರಾಠಿಯಲ್ಲಿ ಹೇಳಿದೆ: “ಈ ತಿದ್ದುಪಡಿಗೆ ಒಂದು ಪೈಸೆಯೂ ಬೇಡ. ಬದಲಿಗೆ ನಿಮ್ಮ ಎಂಜಿನಿಯರ್ ಏಳೂ ತ್ರಿಕೋಣಗಳ ಅರ್ಥವನ್ನು ಇಮೇಲ್‌ನಲ್ಲಿ ಬರೆದು ಕೊಡಲಿ. ಅದು ಬರುವವರೆಗೆ ಫೈಲು ಹೊರಗೆ ಹೋಗುವುದಿಲ್ಲ. ನಾಳೆ ಯಾರಿಗಾದರೂ ಸುಟ್ಟರೆ, ಕೇಳಿದ್ದೆ ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿ ಇರುತ್ತದೆ.”

ದೇಶಪಾಂಡೆ “ಪಾಹತೋ” ಎಂದರು. ನೋಡುತ್ತೇನೆ ಎಂದರ್ಥ, ನಮ್ಮ ಕಡೆ ಹಾಗೆಂದರೆ ಆಗುವುದಿಲ್ಲ ಎಂದೂ ಆಗಬಹುದು. ಮಂಗಳವಾರವಿಡೀ ಏನೂ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬುಧವಾರ ಮಧ್ಯಾಹ್ನ ಇಮೇಲ್ ಬಂತು. ಐದು ತ್ರಿಕೋಣಗಳು ‘ವೈದ್ಯರ ಅನುಮತಿಯಿಂದ, ಕಡಿಮೆ ಪ್ರಮಾಣದಲ್ಲಿ’. ಎರಡು ಮಾತ್ರ ತಪ್ಪಾಗಿ ಅಚ್ಚಾಗಿದ್ದವು. ಅಲ್ಲಿ ಇರಬೇಕಾದದ್ದು ಅಡ್ಡಗೀಟು. ಅದರಲ್ಲೊಂದು ಮೋಡ್ ಏಳು, ಮೈಯ ಆಳದವರೆಗೆ ಶಾಖ ಕೊಡುವುದು, ಲೋಹದ ರಾಡ್ ಇದ್ದವರಿಗೆ. ಸಂಜೆ ನಾಲ್ಕಕ್ಕೆ ಕಟ್ಟಿಯವರಿಗೆ ಫೈಲು ಕಳಿಸಿದೆ, ಜೊತೆಗೆ ಆ ಇಮೇಲನ್ನೂ.

ಗುರುವಾರ ಮಧ್ಯಾಹ್ನ ಅವರ ಫೋನ್ ಬಂತು.

“ಏನಾತ್ರಿ?” ಎಂದೆ.

“ತೊಡಿಯಾಗ ರಾಡ್ ಇದ್ದವರಿಗೆ ಮೋಡ್ ಏಳು ಕೊಡ್ತೀಯೇನು ಅಂತ ಮ್ಯಾಡಂ ಕೇಳಿದ್ರು. ಕೊಡಂಗಿಲ್ಲ ಅಂದೆ. ಅವರು ಅಚ್ಚಿನ ಪುಸ್ತಕ ತೆಗದು, ‘ತ್ರಿಕೋಣ ಅದ, ಕಡಿಮಿ ಇಟ್ಟು ಕೊಡಬಹುದು, ನೀ ತಪ್ಪು’ ಅಂದ್ರು.”

“ಆಮ್ಯಾಲೆ?” ಎಂದೆ.

“ನಾ ಲ್ಯಾಪ್‌ಟಾಪ್ ಕೇಳಿಸಿದೆ. ಅವರು ನಂಬಲಿಲ್ಲ. ಎಂಜಿನಿಯರ್‌ನ ಇಮೇಲ್ ಓದಿಸಿದೆ. ಆಮ್ಯಾಲೆ ಕಂಪನಿಗೆ ಫೋನ್ ಹಚ್ಚಿದ್ರು. ಫೋನ್ ಇಟ್ಟು, ತಮ್ಮ ಪುಸ್ತಕದಾಗ ಪೆನ್ನಿಂದ ಅಡ್ಡ ಗೀಟು ಎಳದ್ರು. ಗೀಟು ಎಳದ ಸಪ್ಪಳ ನನಗ ಕೇಳಿಸ್ತು ನೋಡ್ರಿ.”

“ಕೋಣಿ?”

“ಕೀಲಿಕೈ ನನ್ನ ಕಿಸೆದಾಗ ಅದ ಅಕ್ಕಾರ.”

ಅಚ್ಚಿನ ಮ್ಯಾನುಯಲ್ ಕೂಡ ಆಮೇಲೆ ಬದಲಾಯಿತು ಎಂದು ದೇಶಪಾಂಡೆಯವರೇ ಹೇಳಿದರು. ಮುಂದಿನ ಕೆಲಸಕ್ಕೆ ದರ ಕೇಳುವಾಗ ಅವರು ಮೊದಲಿನಷ್ಟು ಜಗ್ಗಾಡಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಒಳ್ಳೆಯ ಕೆಲಸದಿಂದ ನಷ್ಟವೇ ಆಗುತ್ತದೆ ಎಂದು ಯಾರೂ ತಿಳಿಯಬಾರದು.

ಈ ಉದ್ಯೋಗಕ್ಕೆ ಬರುವವರಿಗೆ ನನ್ನ ಸಲಹೆ ಇಷ್ಟೆ. ತಪಾಸಣೆಯ ಸಾಫ್ಟ್‌ವೇರ್ ಹಸಿರು ಟಿಕ್ ತೋರಿಸಿತೆಂದು ಫೈಲು ಕಳಿಸಬೇಡಿ. ನಮ್ಮ ಹಳೆಯ ಫೈಲೂ ಎಲ್ಲ ತಪಾಸಣೆಯಲ್ಲಿ ಪಾಸಾಗಿತ್ತು. ಮಾನಿಟರ್ ಆಫ್ ಮಾಡಿ, ಒಂದು ಪುಟವನ್ನು ಕಿವಿಯಿಂದ ಓದಿ. ಕೇಳಿಸಿದ್ದನ್ನಷ್ಟೇ ನಂಬಿ ನಿಮ್ಮ ತಾಯಿಯ ಮೊಣಕಾಲಿಗೆ ಆ ಯಂತ್ರ ಹಚ್ಚುವ ಧೈರ್ಯ ಬಂದರೆ ಕಳಿಸಿ. ಬರದಿದ್ದರೆ ಮಾನಿಟರ್ ಹಚ್ಚಿ, ಮತ್ತೆ ಕೂತುಕೊಳ್ಳಿ.