ಗೊಂಬೆಯಾಟದ ತಾತ ನೋಡಿದ ಅನಿಮೆ

“ಲೇ, ಜಪಾನಿನ ಕಾರ್ಟೂನೆಲ್ಲಾ ಹಿಂಗ! ಮಂದಿ ಅಲ್ಲಾಡಂಗಿಲ್ಲ, ಬರೀ ಬಾಯಿ ಆಡಿಸ್ತಾರ. ಸೋಮಾರಿ ಕೆಲ್ಸ!” ಸಂಡೂರು ಬಸ್ಸಿನಲ್ಲಿ ನನ್ನ ಮೊಬೈಲಿಗೆ ಇಣುಕಿ ಗೆಳೆಯ ನಕ್ಕ. ನಾನು ಚಿತ್ರ ಬರೆಯಲು ಕಲಿತದ್ದೇ ಅನಿಮೆ ಎಂಬ ಈ ಜಪಾನಿ ಕಾರ್ಟೂನು ನೋಡಿ. ಗೊಂಬೆಗಳ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ಕುಳಿತಿದ್ದ ತೊಗಲುಗೊಂಬೆಯಾಟದ ತಾತ “ತಾ ಇಲ್ಲಿ” ಎಂದು ಮೊಬೈಲ್ ಇಸಿದುಕೊಂಡರು. ಪರದೆಯಲ್ಲಿ ಹುಡುಗಿಯೊಬ್ಬಳು ತೀರಿಹೋದ ಅಮ್ಮನ ಚಪ್ಪಲಿ ನೋಡುತ್ತ ಅಲ್ಲಾಡದೆ ನಿಂತಿದ್ದಳು.

“ನಮ್ಮ ಗೊಂಬಿ ಬಾಯೂ ಆಡಂಗಿಲ್ಲ, ತಮ್ಮಾ,” ತಾತ ಗೆಳೆಯನಿಗೆ ಹೇಳಿದರು. “ಗೊಂಬಿ ಅಳೋ ಹೊತ್ತಿಗೆ ನಾ ಅದನ್ನ ಆಡಿಸೋ ಕೈನೂ ನಿಲ್ಲಿಸ್ತೀನಿ. ಆವಾಗ್ಲೇ ಮಂದಿ ಅಳೋದು.” ನಾನು ಮೊಬೈಲಿಗೆ ಕೈ ಚಾಚಿದೆ. ತಾತ ಮಾತ್ರ ಮೊಬೈಲ್ ಕೊಡಲಿಲ್ಲ. “ತಡೀ, ಮುಂದೇನಾತು ನೋಡೂಣು.”

ಎಲ್ಲ ಅನಿಮೆಯೂ ಚೆಂದವೆಂದು ನಾನು ಹೇಳುವುದಿಲ್ಲ. ಆದರೆ ಈಗ ಚಿತ್ರ ನಿಂತಲ್ಲೆಲ್ಲ, ಇಲ್ಲೇ ಯಾಕೆ ನಿಲ್ಲಿಸಿದರು ಎಂದು ಹುಡುಕುತ್ತೇನೆ.